ಆರೂವರೆಯ ರೊಟ್ಟಿ ಸಪ್ಪಳ

ಯವ್ವಾ,

ಓದು ಬಾರದ ನಿನಗೆ ಕಾಗದ ಬರೆಯುತ್ತಿದ್ದೇನೆ, ನಗಬೇಡ. ನೀನಿದ್ದಾಗ ಬಾಯಿಬಿಟ್ಟು ಹೇಳಲಾಗದ್ದು ಒಂದು ಉಳಿದಿದೆ.

ನೀನು ರೊಟ್ಟಿ ಬಡಿಯಲು ಕುಳಿತರೆ ಬಾಗಲವಾಡದ ನಮ್ಮ ಓಣಿಯೇ ಏಳುತ್ತಿತ್ತು. "ಆರೂವರಿ ಆತು, ಏಳಲೇ. ನಮ್ಮನಿಗೆ ಗಡಿಯಾರ ಯಾಕ ಬೇಕು?" ಎನ್ನುತ್ತಿದ್ದೆ ನೀನು. ಅವತ್ತೂ ಅದೇ ಹೊತ್ತು. ಕೌದಿಯೊಳಗೆ ಮಲಗಿಯೇ ಕೇಳುತ್ತಿದ್ದೆ. ನಾಲ್ಕೈದು ರೊಟ್ಟಿ ಎಂದಿನಂತೆ. ಆಮೇಲೆ ಸಪ್ಪಳ ತಡವರಿಸಿತು. ಒಂದು ಬಡಿತವಾದರೆ ಇನ್ನೊಂದಕ್ಕೆ ಕಾಯಬೇಕು. ಕೊನೆಗೆ ನಿಂತೇಹೋಯಿತು. ದಣಿದಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿದೆ. ಆಗಲೇ ಎದ್ದಿದ್ದರೆ...

ಎಂಟಕ್ಕೆ ಎದ್ದು ಬಂದರೆ ನೀನು ಒಲೆಯ ಪಕ್ಕ ಗೋಡೆಗೆ ವಾಲಿದ್ದೆ, ಬಾಯಿ ಸೊಟ್ಟಗಾಗಿತ್ತು. ಹೊಲದಿಂದ ಅಪ್ಪನನ್ನು ಕರೆಸಿ, ಮಾನ್ವಿ ದಾಟಿ ರಾಯಚೂರು ಮುಟ್ಟಿದಾಗ ಹತ್ತು ಗಂಟೆ. "ಯಾವಾಗ ಸುರು ಆತ್ರಿ?" ಅಂದರು ಡಾಕ್ಟರು. "ಗೊತ್ತಿಲ್ರಿ, ಮಲ್ಕೊಂಡಿದ್ದೆ" ಅಂದೆ. ಅಪ್ಪ ನೆಲ ನೋಡುತ್ತ ನಿಂತಿದ್ದ.

"ಹಂಗಾದ್ರ ರಾತ್ರಿ ಚೊಲೋ ಇದ್ದದ್ದು ಕಡೀಗೆ ನೋಡಿದಾಗಿಂದನ ಲೆಕ್ಕ ಹಿಡೀಬೇಕಾಗ್ತದ. ನಾಲ್ಕೂವರಿ ತಾಸಿನೊಳಗಿದ್ರ ಇಂಜೆಕ್ಷನ್ ಕೊಡಬಹುದಿತ್ತು" ಅಂದರು. ಬೆಳಿಗ್ಗೆ ಏಳುವ ಹೊತ್ತಿಗೆ ಬಿಪಿ ಏರುತ್ತದಂತೆ, ಲಕ್ವಾ ಹೊಡೆಯುವುದು ಹೆಚ್ಚಾಗಿ ಆಗಲೇ ಅಂತೆ. ಆರೂವರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೇಳಿಯೂ ಮಲಗಿದ್ದೆಯಾ ಎಂದು ಅಪ್ಪ ಕೇಳಿಬಿಟ್ಟರೆ? ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ.

ತುತ್ತು ಇಡುವಾಗ ನೀನು ನನ್ನನ್ನೇ ನೋಡುತ್ತಿದ್ದೆ, ಏಳು ತಿಂಗಳು, ಮಾತಿಲ್ಲದೆ. ನಿನಗೆ ಗೊತ್ತಿತ್ತೇ ಯವ್ವಾ? ನೀನು ಆ ಮೈಯೊಳಗೆ ಸಿಕ್ಕಿಬಿದ್ದೆ, ನಾನು ಆ ಆರೂವರೆಯೊಳಗೆ. ಇನ್ನೂ ಅಲ್ಲೇ ಇದ್ದೇನೆ.

ನೀನು ಹೋದ ಮೇಲೆ ಮದುವೆಯಾದೆ, ದೇವದುರ್ಗದ ಹುಡುಗಿ. ಅವಳು ರೊಟ್ಟಿ ಬಡಿಯುವಾಗ ದಿನವೂ ಎದುರಿಗೆ ಕುಳಿತು ಕಾಯುತ್ತೇನೆ. "ಏನ್ ಹಿಂಗ ನೋಡ್ತೀರಿ, ನಾ ಏನ್ ರೊಟ್ಟಿ ಕದೀತೀನೇನು?" ಎಂದು ರೇಗುತ್ತಾಳೆ. ಅಪ್ಪನಂತೂ ನೀನು ಬಿದ್ದಂದಿನಿಂದ ರೊಟ್ಟಿ ಮುಟ್ಟಿಲ್ಲ, ಬರೀ ಅನ್ನ. ಹಲ್ಲಿನ ತೊಂದರೆ ಅಂದುಕೊಂಡಿದ್ದೆ.

ಇವತ್ತು ಬೆಳಿಗ್ಗೆ ಮನೆ ಮುಂದಿನ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕುಳಿತು ಎಲ್ಲ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅಪ್ಪ ಅಂದ, "ಸಪ್ಪಳ ನಿಂತದ್ದು ನಾನೂ ಕೇಳಿದ್ದೆಪ್ಪಾ. ಇದ ಕಟ್ಟಿ ಮ್ಯಾಲ ಕುಂತಿದ್ದೆ. ಕೇಳಿ, ಎದ್ದು ಹೊಲಕ್ಕ ಹೋದೆ. ಡಾಕ್ಟರ್ ಕೇಳಿದಾಗ ನನಗೂ ಬಾಯಿ ಬರಲಿಲ್ಲ."

ಒಳಗೆ ನಿನ್ನ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ರೊಟ್ಟಿ ಹೆಂಚಿಗೆ ಬೀಳುವ ತನಕ ನಾವಿಬ್ಬರೂ ಅಲ್ಲಿಂದ ಏಳಲಿಲ್ಲ.