ಪುಡಿಯ ಲೋಟದಲ್ಲಿ ಮಾತ್ರೆ

ಮಾರ್ಚ್ ೯, ಸೋಮವಾರ

ಇಷ್ಟು ತಿಂಗಳು ಮಾತ್ರೆ ನುಂಗಿದರೂ ಕೊಲೆಸ್ಟ್ರಾಲ್ ಇಳಿದಿಲ್ಲ. ಇವತ್ತಿನಿಂದ ಎರಡೆರಡು ನುಂಗಿ ಎಂದರು ಡಾಕ್ಟರು. ಮನೆಗೆ ಬಂದವಳೇ ಹೆಂಡತಿ ಸಿಡಿದಳು.

"ನಿಜ ಹೇಳಿ, ಮಾತ್ರೆ ಎಲ್ಲಿ ಎಸೀತಿದ್ರಿ? ನಿಮ್ಮಣ್ಣನ ಥರ ಎದೆ ಹಿಡ್ಕೊಂಡು ಬೀಳ್ಬೇಕಾ?"

"ದಿನಾ ನಿನ್ನ ಕಣ್ಣೆದುರೇ ನುಂಗ್ತೀನಲ್ಲೇ!"

ಊಟವಾದ ಮೇಲೆ ಅವಳು ಎಂದಿನಂತೆ ನನ್ನ ಮಲಬದ್ಧತೆಗೆಂದು ತಂದ ನಾರಿನ ಪುಡಿಯನ್ನು ನೀರಿಗೆ ಕಲಸಿ, ಎರಡು ಮಾತ್ರೆಯೊಂದಿಗೆ ತಂದಿಟ್ಟಳು. ಡಬ್ಬಿಯ ಸಣ್ಣಕ್ಷರ ಆಗ ಕಣ್ಣಿಗೆ ಬಿತ್ತು: ಔಷಧಿಯ ಜೊತೆ ಕುಡಿಯಬೇಡಿ, ಔಷಧಿ ಮೈಗೆ ಹತ್ತದಿರಬಹುದು.

"ಹೊಟ್ಟೆಗೆ ಪುಡಿ, ಮಾತ್ರೆಗೆ ಬೇಡಿ" ಎಂದೆ. ಅವಳು ನಗಲಿಲ್ಲ.

"ನಾನೇ ಕಲಸಿ ಕೊಡ್ತಿದ್ದೆನಲ್ರೀ..."

ಡಾಕ್ಟರು ಫೋನ್ ಎತ್ತುತ್ತಿಲ್ಲ. ತಪ್ಪು ಪುಡಿಯದಾದರೆ ಎರಡು ಮಾತ್ರೆ ಹೆಚ್ಚಾದೀತು, ಅಲ್ಲದಿದ್ದರೆ ಒಂದು ಸಾಲದು. ಬರೀ ನೀರಿನಲ್ಲಿ ಒಂದನ್ನೇ ನುಂಗಿದೆ. ಪಕ್ಕದಲ್ಲಿ ಅವಳು ಮಲಗಿದಂತೆ ನಟಿಸುತ್ತಾ ನನ್ನ ಉಸಿರನ್ನೇ ಆಲಿಸುತ್ತಿದ್ದಾಳೆ. ಕೇಳಲಿ ಎಂದು ಕೊಂಚ ಜೋರಾಗಿಯೇ ಉಸಿರಾಡುತ್ತಿದ್ದೇನೆ.