ಒಂದು ಬೆರಳು ಹೆಚ್ಚು ಬಟ್ಟೆ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಹದಿನಾಲ್ಕು, ಶುಕ್ರವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ದಿನವಿಡೀ ವಾರ್ಡಿನಲ್ಲಿ ನಿಂತು ಕಾಲು ಬಾತುಕೊಳ್ಳುತ್ತದೆ ಎಂದಿದ್ದೆಯಲ್ಲ, ಇಳಿಯಿತೇ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ನರ್ಸಿಗೆ ದರ್ಜಿ ಹೇಳಿಕೊಡುವುದೇ ಎಂದು ನಗಬೇಡ; ಮಗಳಿಗೆ ಅಪ್ಪ ಹೇಳುತ್ತಿದ್ದಾನೆ. ನಾವೆಲ್ಲ ಕ್ಷೇಮ. ನಿನ್ನಮ್ಮನ ಕನ್ನಡಕದ ಕಡ್ಡಿ ಮುರಿದಿದೆ, ದಾರ ಕಟ್ಟಿಕೊಂಡಿದ್ದಾಳೆ. ಹೊಸದು ಕೊಡಿಸುತ್ತೇನೆಂದರೆ ದಾರವೇ ಗಟ್ಟಿ ಅನ್ನುತ್ತಾಳೆ. ನಿನ್ನ ಮಗಳು ಅರ್ಧವಾರ್ಷಿಕದಲ್ಲಿ ಜೀವಶಾಸ್ತ್ರ ಫೇಲಾದಳೆಂದು ನೀನು ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಬರುತ್ತೇನೆಂದು ಬರೆದು, ನಿನ್ನನ್ನು ಅಲ್ಲಿಗೆ ಕಳಿಸಿದ ಇಲ್ಲಿನ ದೊಡ್ಡಾಸ್ಪತ್ರೆಯ ಕಚೇರಿಗೆ ಕೊಡಲು ನನಗೆ ಕಳಿಸಿದ ಅರ್ಜಿ ತಲುಪಿ ಮೂರು ವಾರವಾಯಿತು. ಅದರ ಮಾತಿಗೆ ಮುಂಚೆ ಇಲ್ಲಿ ನಡೆದದ್ದು ಕೇಳು.

ಎಲ್ಲಕ್ಕೂ ಮೂಲ ನಿನ್ನಮ್ಮ ಹೇಳಿದ ಒಂದು ಕಥೆ, ಹೋದ ತಿಂಗಳ ಮೂರನೇ ಭಾನುವಾರ. ನಿನ್ನ ಮೆಣಸು (ಹುಟ್ಟಿದಾಗ ಮೆಣಸಿನ ಕಾಳಿನಷ್ಟಿದ್ದಾಳೆಂದು ನೀನೇ ಕರೆದದ್ದು, ಈಗ ಖಾರವೂ ಹತ್ತಿದೆ) ಅಂಗಡಿಯ ಮೂಲೆಯಲ್ಲಿ ಕೂತು, ಜೀವಕೋಶದಲ್ಲಿ ಪ್ರೋಟೀನ್ ಹೇಗೆ ತಯಾರಾಗುತ್ತದೆಂಬ ಪಾಠವನ್ನು ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಐದನೇ ಸಲಕ್ಕೆ ಪುಸ್ತಕ ಎಸೆದಳು. ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದ ನಿನ್ನಮ್ಮ ತಲೆ ಎತ್ತದೆ, 'ಅಯ್ಯೋ, ಇದು ನಮ್ಮ ಅಂಗಡೀನೇ ಅಲ್ವೇನೇ?' ಅಂದಳು. ಡಿಎನ್‌ಎ ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಂಡಿರುವ ನಮ್ಮ ರಟ್ಟಿನ ಮಾದರಿ. ಅದು ಬೀರು ಬಿಟ್ಟು ಹೊರಗೆ ಬರುವುದಿಲ್ಲ, ಬೀರುವೇ ಕೋಶಕೇಂದ್ರ. ಬೇಕಾದಷ್ಟನ್ನು ಹಳೇ ಪೇಪರಿನ ಮೇಲೆ ಗೀಟು ಹಾಕಿ ನಕಲು ತೆಗೆಯುತ್ತೇವೆ, ಅದು ಆರ್‌ಎನ್‌ಎ. ನಕಲು ಹೋಗುವುದು ಮಿಷಿನ್ನಿಗೆ, ಅದು ರೈಬೋಸೋಮ್. ಅಲ್ಲಿ ಮೂರು ಮೂರು ಅಕ್ಷರ ಓದಿಕೊಂಡು ಒಂದೊಂದೇ ತುಂಡು ತಂದು ಜೋಡಿಸಿದರೆ ಅಂಗಿ, ಅಂದರೆ ಪ್ರೋಟೀನ್. ಮೆಣಸು ತೆರೆದ ಬಾಯಿ ಮುಚ್ಚಲಿಲ್ಲ.

ಮರುದಿನದಿಂದ ಅವಳ ಮೂವರು ಗೆಳತಿಯರೂ ಬರತೊಡಗಿದರು. ಸಂಜೆ ನೆಲದ ಮೇಲೆ ಕೂತು ಗುಂಡಿ ಹೊಲಿಯುತ್ತಾ ಕೇಳುವುದು. ನಿನ್ನಮ್ಮ ಕಥೆ ಹೇಳುವ ಚೆಂದ ಗೊತ್ತಲ್ಲ, ನೆಂಚಿಕೊಳ್ಳಲು ಏನೂ ಇಲ್ಲದ ಊಟ. ಹಾಗಾಗಿ ನಾನು ಬಾಯಿ ಹಾಕಿದೆ. ಬೀರುವಿಗೆ ಒಬ್ಬ ಕಾವಲುಗಾರನನ್ನು ಇಟ್ಟೆ, ತುಂಡು ತರುವವನಿಗೆ ಗೊಣಗುವ ಚಾಳಿ ಕೊಟ್ಟೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಲವತ್ತು ವರ್ಷ ಶಾಲೆ ಮಕ್ಕಳ ಅಂಗಿ ಹೊಲಿದವನು ನಾನು. ಬೆಳೆಯುವ ಮೈ ಎಂದು ಹೊಲಿಗೆಯೊಳಗೆ ಒಂದು ಬೆರಳು ಹೆಚ್ಚು ಬಟ್ಟೆ ಬಿಡದೆ ಎಂದೂ ಕತ್ತರಿ ಹಾಕಿದವನಲ್ಲ. ಕೈಯ ಅಭ್ಯಾಸ ಬಾಯಿಗೂ ಬಂತು. 'ಜಾಣ ಜೀವಕೋಶ ನಕಲು ತೆಗೆಯೋವಾಗ ಒಂದಕ್ಷರ ಹೆಚ್ಚೇ ಬಿಟ್ಟಿರುತ್ತೆ ಮಕ್ಕಳೇ, ಮುಂದೆ ಬೇಕಾದ್ರೆ ಬಿಚ್ಚಿಕೊಳ್ಳಬಹುದು' ಎಂದುಬಿಟ್ಟೆ. ಇದು ಪುಸ್ತಕದಲ್ಲಿಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನನಗಂತೂ, ಬಟ್ಟೆ ಬಿಡದಿದ್ದರೆ ಅದೆಂಥ ದರ್ಜಿ ಎಂದೇ ಅನ್ನಿಸಿತ್ತು.

ಮಂಗಳವಾರ ಕಾಲೇಜಿನಲ್ಲಿ ಕೊನೆಯ ಅಭ್ಯಾಸ ಪರೀಕ್ಷೆ. ನಕಲಿನಲ್ಲಿ ಒಂದಕ್ಷರ ಹೆಚ್ಚಾದರೆ ಏನಾಗುತ್ತದೆ ಎಂಬ ಪ್ರಶ್ನೆ, ನಾಲ್ಕು ಅಂಕ. ನಾಲ್ವರೂ ಒಂದೇ ಮಾತು ಬರೆದರು: ಮುಂದೆ ಬೆಳೆಯಲು ಜಾಗವಾಗುತ್ತದೆ. ಜೀವಶಾಸ್ತ್ರದ ಮೇಡಂ ನಾಲ್ಕು ಸೊನ್ನೆ ಸುತ್ತಿ, ನಾಲ್ವರನ್ನೂ ನಿಲ್ಲಿಸಿ, 'ಸರಿ ಉತ್ತರ ಒಂದೇ ಥರ ಇದ್ರೆ ಓದಿದೀರಿ ಅನ್ಕೋಬಹುದು. ಇಂಥ ತಪ್ಪು ಒಂದೇ ಥರ ಹೇಗೆ ಬಂತು? ಯಾರದ್ದು ನೋಡಿ ಯಾರು ಬರೆದ್ರಿ?' ಎಂದರಂತೆ. ಪ್ರಾಂಶುಪಾಲರಿಗೆ ಹೇಳುತ್ತೇನೆ, ಅಲ್ಲಿಯ ತನಕ ಹಾಲ್ ಟಿಕೆಟ್ ಇಲ್ಲ ಎಂದೂ ಅಂದರಂತೆ. ಮೆಣಸು ಮನೆಗೆ ಬಂದು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. 'ತಾತ, ನಿಮ್ಮ ಒಂದು ಬೆರಳು ನಾಲ್ಕು ಜನರ ವರ್ಷ ನುಂಗ್ತು' ಅಂದಳು.

ಬುಧವಾರ ಅಂಗಡಿ ತೆರೆಯದೆ ಕಾಲೇಜಿಗೆ ಹೋದೆ. ಅವಸರದಲ್ಲಿ ಅಳತೆಯ ಟೇಪು ಕೊರಳಲ್ಲೇ ಇತ್ತು. ಮೇಡಂ ಮುಂದೆ ಇಡೀ ಕಥೆ ಹೇಳಿದೆ, ಗೊಣಗುವವನನ್ನೂ ಬಿಡದೆ. ಮೊದಲು ಮುಖ ಗಂಟು ಹಾಕಿಕೊಂಡಿದ್ದವರು, ಕಥೆಯಲ್ಲಿ ಕಾವಲುಗಾರ ಬರುವಷ್ಟರಲ್ಲಿ ಕುರ್ಚಿ ಎಳೆದು ಕೂರಿಸಿದರು. ಕೊನೆಗೆ, 'ಎಲ್ಲಾ ಸರಿ ಯಜಮಾನ್ರೇ, ಜೀವಕೋಶ ಮಾತ್ರ ಬಟ್ಟೆ ಬಿಡಲ್ಲ. ನಾಡಿದ್ದೇ ಪರೀಕ್ಷೆ. ಹೊಲಿದೋರು ನೀವು, ಬಿಚ್ಚೋರೂ ನೀವೇ' ಎಂದರು. ಹುಡುಗಿಯರಿಗೆ ಅವತ್ತೇ ಹಾಲ್ ಟಿಕೆಟ್ ಸಿಕ್ಕಿತು.

ಬಿಚ್ಚುವುದು ಹೊಲಿಯುವುದಕ್ಕಿಂತ ಕಷ್ಟ ಕಣಮ್ಮ. ನಿನ್ನೆ ಸಂಜೆ ನಾನು ಹೇಳಿದ್ದು ತಪ್ಪು ಎಂದು ಒಪ್ಪಿಕೊಂಡರೆ, ಅವರಲ್ಲಿ ಎತ್ತರದವಳು 'ಆದ್ರೂ ತಾತ, ಕಥೇಲಿ ಅದೇ ಚೆನ್ನಾಗಿತ್ತು' ಅನ್ನಬೇಕೇ! ಆಗ ಮೆಣಸು ಗುಂಡಿ ಡಬ್ಬ ತಂದು ಕತ್ತರಿ ಮೇಜಿನ ಮೇಲೆ ಸುರಿದಳು. ಬಣ್ಣ ಬಣ್ಣದ ಒಂಬತ್ತು ಗುಂಡಿ ಸಾಲಾಗಿಟ್ಟು, ಮೊದಲ ಮೂರು ತೋಳು, ಆಮೇಲಿನ ಮೂರು ಕಾಲರ್, ಕೊನೆಯ ಮೂರು ಜೇಬು ಎಂದಳು. ತೋಳು ಮುಗಿದ ಕಡೆ ಒಂದು ಬಿಳಿ ಗುಂಡಿ ತೂರಿಸಿದಳು. 'ಈಗ ಮೂರು ಮೂರು ಓದ್ರೇ.' ತೋಳು ಬಂತು. ಕಾಲರ್ ಬರಲಿಲ್ಲ. ಜೇಬೂ ಬರಲಿಲ್ಲ. 'ಒಂದೇ ಒಂದು ಹೆಚ್ಚಾಯ್ತು, ಅಲ್ಲಿಂದಾಚೆ ಇಡೀ ಅಂಗಿ ಹಾಳು. ಬೆಳೆಯೋದಿರಲಿ, ತೊಡೋಕೇ ಬರಲ್ಲ. ತಾತನ ಧಾರಾಳ ಜೀವಕೋಶಕ್ಕಿಲ್ಲ ಕಣ್ರೇ.' ಒಬ್ಬೊಬ್ಬರ ಕೈಯಲ್ಲೂ ಮಾಡಿಸಿದಳು, ನನ್ನನ್ನೂ ಬಿಡಲಿಲ್ಲ. ಆ ಉಪಾಯ ಪುಸ್ತಕದ್ದಲ್ಲ, ನನ್ನದಲ್ಲ, ಮೇಡಂದೂ ಅಲ್ಲ. ಅವಳದೇ.

ಇವತ್ತು ಬೆಳಿಗ್ಗೆ ನಾಲ್ವರೂ ಅಂಗಡಿ ಮೆಟ್ಟಿಲ ಮೇಲೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಂಡರು. ಅನುಮಾನ ಬಂದದ್ದನ್ನೆಲ್ಲ ನಿನ್ನಮ್ಮನ ಹತ್ತಿರ ಕೇಳಿದರು. ನನ್ನ ಹತ್ತಿರ ಗಂಟೆ ಎಷ್ಟಾಯಿತು ಎಂದು ಮಾತ್ರ ಕೇಳಿದರು. ಎಂಟೂವರೆ ಅಂದೆ. ನಂಬದೆ ಒಳಗೆ ಹೋಗಿ ಗಡಿಯಾರ ನೋಡಿಕೊಂಡು ಪರೀಕ್ಷೆಗೆ ಹೊರಟರು.

ಹಿಡಿದ ಕೆಲಸ ಕೈಗೂಡಲಿ, ನಿಂತ ಕಾಲಿಗೆ ಬಲ ಬರಲಿ. ನಿನ್ನಮ್ಮ, ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಬರೆಯಲು ಹೇಳಿದ್ದಾಳೆ.

ಇಂತಿ ನಿನ್ನ
ಅಪ್ಪ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ನಿನ್ನ ಅರ್ಜಿಯನ್ನು ನಾನು ಕಚೇರಿಗೆ ಕೊಟ್ಟಿಲ್ಲ. ಫೋನಿನಲ್ಲಿ 'ಕೊಟ್ಟಾಯ್ತು' ಅಂದದ್ದು ಸುಳ್ಳು, ಬೈಯುವುದಾದರೆ ಬೈಯಿ. ನಿನ್ನೆ ಎಲ್ಲರೂ ಹೋದ ಮೇಲೆ ಮೆಣಸಿಗೆ ಅದನ್ನು ತೋರಿಸಿದೆ. ಎರಡು ಸಲ ಓದಿದಳು. 'ಫೇಲಾದ್ರೆ ನಾನು ಎರಡು ತಿಂಗಳಿಗೆ ಮತ್ತೆ ಬರೀತೀನಿ. ಅಮ್ಮಂಗೆ ಆ ತರಬೇತಿ ಸೀಟು ಮತ್ತೆ ಕೊಡ್ತಾರಾ ತಾತ?' ಅಂದಳು. ಬಿಟ್ಟು ಬರಲೇಬೇಕು ಅನ್ನಿಸಿದರೆ ಇನ್ನೊಂದು ಅರ್ಜಿ ಬರೆ, ಆದರೆ ನನಗಲ್ಲ, ಅವಳಿಗೆ ಕಳಿಸು.