ಗುರುವಾರದ ಒಂದು ಗಂಟೆ

ಚನ್ನಗಿರಿ, ಶನಿವಾರ

ಅತ್ತೆಯವರಿಗೆ ಸಂಧ್ಯಾರಾಣಿ ಮಾಡುವ ನಮಸ್ಕಾರ.

ಒಂದೇ ಮನೆಯಲ್ಲಿದ್ದು ಪತ್ರವೇಕೆ ಎನ್ನಬೇಡಿ. ಎದುರು ನಿಂತರೆ ಅಳು ಬಂದು ಮಾತು ಅರ್ಧಕ್ಕೇ ನಿಲ್ಲುತ್ತದೆ.

ನಲ್ಲೂರಿನ ಚಿಕ್ಕತ್ತೆ ಪೇಟೆಯಲ್ಲಿ ನನ್ನನ್ನು ಕಂಡು ನಿಮಗೆ ಫೋನ್ ಮಾಡಿ, "ಕಿವಿಗೆ ಸ್ಕಾರ್ಫು, ಬಾಯಿಗೆ ಐಸು! ನಿನ್ ಸೊಸಿ ಬಾಣಂತನ ಹೆಂಗೈತೆ ನೋಡಕ್ಕಾ" ಎಂದರಂತೆ. ನಿಜ. ಗುರುವಾರ ಡಯಾಪರ್ ತರುತ್ತೇನೆಂದು ಮಗುವನ್ನು ನಿಮ್ಮ ಕೈಗೆ ಕೊಟ್ಟು ಹೋದವಳು, ಹೊಸ ಕೊರಿಯನ್ ಕೆಫೆಯಲ್ಲಿ ಕೂತು ಬಿಂಗ್ಸು ತಿಂದೆ. ಐಸಿನಂತೆ ಗಟ್ಟಿಯಾದ ಹಾಲನ್ನು ಹತ್ತಿಯಂತೆ ತುರಿದು, ಮೇಲೆ ಮಾವಿನ ಹೋಳು ಇಟ್ಟು ಕೊಡುತ್ತಾರೆ. ಬಾಣಂತಿಯ ಕಿವಿಗೆ ಗಾಳಿ ಸೋಕಬಾರದೆಂದು ನೀವು ಹೇಳಿದ್ದಿರಲ್ಲ, ಸ್ಕಾರ್ಫ್ ಮಾತ್ರ ಬಿಚ್ಚಲಿಲ್ಲ.

ಸುಳ್ಳು ಹೇಳಿದ್ದು ನನ್ನ ತಪ್ಪು. ತಿಂದದ್ದು ತಪ್ಪಲ್ಲ. ಮಗುವಿಗೆ ಶೀತವಾಗಿಲ್ಲ, ಡಾಕ್ಟರನ್ನೂ ಕೇಳಿದ್ದೇನೆ.

ಮೂರು ತಿಂಗಳಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ಮಗು ಮಲಗಿದ್ದರೂ ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುತ್ತೇನೆ. ಎತ್ತಿಕೊಂಡರೆ ಎಲ್ಲಿ ಬೀಳಿಸಿಬಿಡುತ್ತೇನೋ ಎಂದು ಕೈ ನಡುಗುತ್ತದೆ. ಆ ದಿನ ವಾಪಸ್ ಬಂದು ನಿಮ್ಮಿಂದ ಎತ್ತಿಕೊಂಡಾಗ ನಡುಗಲಿಲ್ಲ ಅತ್ತೆ.

ಅದಕ್ಕೇ ಇನ್ನು ಪ್ರತಿ ಗುರುವಾರ ನಾಲ್ಕರಿಂದ ಐದರವರೆಗೆ ಹೋಗುತ್ತೇನೆ, ಹೇಳಿಯೇ ಹೋಗುತ್ತೇನೆ. ಐದು ತಿಂಗಳು ತುಂಬುವ ತನಕ ತಣ್ಣಗಿನದು ಬೇಡವೆಂದರೆ ಬಿಸಿ ಪ್ಯಾನ್‌ಕೇಕ್ ತಿನ್ನುತ್ತೇನೆ. ಹೋಗುವುದನ್ನು ಮಾತ್ರ ಬಿಡುವುದಿಲ್ಲ. ಅಷ್ಟು ಹೊತ್ತು ಮಗುವನ್ನು ನೋಡಿಕೊಳ್ಳಿ. ಅತ್ತಳೆಂದು ನನಗೆ ಫೋನ್ ಮಾಡಬೇಡಿ. ನಿಮ್ಮ ಕೈಯಲ್ಲಿ ಅವಳು ಸುಮ್ಮನಾಗುತ್ತಾಳೆಂದು ನನಗೆ ಗೊತ್ತು.

ನಿಮ್ಮ ಸೊಸೆ,
ಸಂಧ್ಯಾರಾಣಿ